ಮನೆಗೆ ಬಂದ ಗಿಣಿ ಯಾರದು?

ಪುಸ್ತಕದಲ್ಲಿ ಗಿಳಿ, ನಮ್ಮ ಬಾಯಲ್ಲಿ ಗಿಣಿ. ತಗಡೂರಿನ ಕಡೆ ಒಂದು ತೋಟದಲ್ಲಿ ಸುಳಿ ಒಣಗಿದ ತೆಂಗಿನ ಮರ ಕೆಡವಿದಾಗ ಅದರ ಪೊಟರೆಯಲ್ಲಿ ಮೂರು ಗಿಣಿಮರಿ ಸಿಕ್ಕವು. ಇನ್ನೂ ಪೂರ್ತಿ ಪುಕ್ಕ ಬಂದಿರಲಿಲ್ಲ. ಮರ ಕಡಿದವರಿಗೇ ಪಾಪ ಅನ್ನಿಸಿತು. ಟವೆಲ್ಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. "ನೀವು ಓದಿದೋರು, ಪೇಪರಲ್ಲಿ ಬರೆಯೋರು, ನಿಮ್ಗೆ ಗೊತ್ತಿರ್ತದೆ. ಸಾಕ್ಕಳಿ" ಅಂದರು.

ನಮಗೆ ಗೊತ್ತಿರಲಿಲ್ಲ. ಹಾಲಿನಲ್ಲಿ ಬ್ರೆಡ್ ನೆನೆಸಿ ಬಾಯಿಗಿಟ್ಟೆವು. ಹನಿ ಹನಿಯಾಗಿ ನೀರು ಬಿಟ್ಟೆವು. ಎರಡನೇ ದಿನ ಬೆಳಿಗ್ಗೆ ಒಂದು ಮರಿ ಸತ್ತಿತು, ಮಧ್ಯಾಹ್ನಕ್ಕೆ ಇನ್ನೊಂದು. ಉಳಿದ ಒಂದಕ್ಕೆ ಬೀದಿಯ ಮಕ್ಕಳು ಆಗಲೇ ಹೆಸರಿಟ್ಟಿದ್ದರು. ಪಕ್ಕದ ಮನೆಯ ಅಜ್ಜಿ ಅಟ್ಟದ ಮೇಲಿದ್ದ ಹಳೆಯ ಪಂಜರ ಇಳಿಸಿ, ಬೂದಿ ಹಾಕಿ ತಿಕ್ಕಿ, ತಂದುಕೊಟ್ಟರು. "ನಮ್ಗೆ ಕೊಡಿ, ಮಕ್ಕಳಂಗೆ ನೋಡ್ಕತೀವಿ" ಎಂದು ಮೂರು ಮನೆಯವರು ಕೇಳಿದರು.

ಕೇಳಿದವರೆಲ್ಲ ಒಳ್ಳೆಯವರೇ. ಆದರೂ ಯಾರಿಗೆ ಕೊಡಬೇಕು, ಕೊಡಲು ನಾವು ಯಾರು ಅನ್ನುವ ಪ್ರಶ್ನೆ ಎದ್ದಿತು. ಉತ್ತರ ಹುಡುಕುತ್ತಾ ಗಿಣಿಗೂ ಮನುಷ್ಯರಿಗೂ ಇರುವ ಹಳೆಯ ನಂಟಿನ ಕಥೆ ಬಿಚ್ಚಿಕೊಂಡಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಸಾವಿರ ವರ್ಷದ ಹಿಂದಿನ ಮರಿ

ಗಿಣಿಮರಿಯನ್ನು ಕಾಪಾಡಿದ ಕಥೆ ಕನ್ನಡದಲ್ಲಿ ಸಾವಿರ ವರ್ಷದಷ್ಟು ಹಳೆಯದು. ಏಳನೇ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಕಾದಂಬರಿಯನ್ನು ನಾಗವರ್ಮ ಕನ್ನಡಕ್ಕೆ ತಂದ. ಅದರಲ್ಲಿ ಕಥೆ ಹೇಳುವುದೇ ಒಂದು ಗಿಳಿ.

ಅದು ಹುಟ್ಟಿದ್ದು ಕಾಡಿನ ಒಂದು ಹಳೆಯ ಬೂರುಗದ ಮರದಲ್ಲಿ. ಒಬ್ಬ ಮುದಿ ಬೇಡ ಮರ ಹತ್ತಿ, ಹಣ್ಣು ಕಿತ್ತ ಹಾಗೆ ಮರಿಗಳನ್ನು ಕಿತ್ತು ಕೊಂದು ಕೆಳಗೆ ಎಸೆಯುತ್ತಾನೆ. ಅಪ್ಪ ಗಿಳಿಯೂ ಸಾಯುತ್ತದೆ. ಅದರ ರೆಕ್ಕೆಯೊಳಗೆ ಅಡಗಿದ್ದ ಮರಿ ತರಗೆಲೆಯ ಮೇಲೆ ಬಿದ್ದು ಬದುಕುತ್ತದೆ. ಬಾಯಾರಿ ತೆವಳುತ್ತಿದ್ದ ಅದನ್ನು ಹಾರೀತನೆಂಬ ಋಷಿಕುಮಾರ ಎತ್ತಿಕೊಂಡು ಆಶ್ರಮಕ್ಕೆ ತರುತ್ತಾನೆ. ಅಲ್ಲಿ ಅದು ಬೆಳೆಯುತ್ತದೆ, ರೆಕ್ಕೆ ಬಲಿತ ಮೇಲೆ ಹಾರಿಹೋಗುತ್ತದೆ. ಮುಂದೆ ದಾರಿಯಲ್ಲಿ ಬಲೆಗೆ ಬಿದ್ದು, ಪಂಜರ ಸೇರಿ, ರಾಜನ ಆಸ್ಥಾನ ಮುಟ್ಟುತ್ತದೆ.

ಮರಿ ಕೀಳುವವನು, ಎತ್ತಿ ಸಾಕುವವನು, ಪಂಜರದಲ್ಲಿಡುವವರು, ಮಾತು ಕೇಳಿ ಬೆರಗಾಗುವ ದೊಡ್ಡವರು, ಎಲ್ಲರೂ ಈ ಕಥೆಯಲ್ಲಿದ್ದಾರೆ. ನಮ್ಮ ಮನೆ ಜಗಲಿಯ ಮೇಲೆ ಅವತ್ತು ನೆರೆದಿದ್ದವರೂ ಹೆಚ್ಚುಕಡಿಮೆ ಇವರೇ. ಹಾರೀತ ಪಂಜರ ತರಲಿಲ್ಲ ಅನ್ನುವುದನ್ನು ಮಾತ್ರ ನಾವು ಆಮೇಲೆ ಗಮನಿಸಿದೆವು.

ಹೊರದೇಶದವರಿಗೂ ನಮ್ಮ ಗಿಣಿಯ ಹುಚ್ಚು ಹಳೆಯದು. ಸುಮಾರು 2,400 ವರ್ಷದ ಹಿಂದೆ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ, ಇಂಡಿಯಾದಲ್ಲಿ ಮನುಷ್ಯರಂತೆ ಮಾತಾಡುವ ಹಕ್ಕಿಯಿದೆ, ಕಲಿಸಿದರೆ ಗ್ರೀಕ್ ಭಾಷೆಯನ್ನೂ ಆಡುತ್ತದೆ ಎಂದು ಬರೆದ. ಹೆಗಲ ಮೇಲೆ ಕೆಂಪು ಪಟ್ಟೆಯಿರುವ ದೊಡ್ಡ ಗಿಣಿಗೆ ಅಲೆಕ್ಸಾಂಡರ್ ದೊರೆಯ ಹೆಸರೇ ಅಂಟಿಕೊಂಡಿದೆ.

ಹೊಲದಲ್ಲಿ ಕಳ್ಳ, ಮನೆಯಲ್ಲಿ ಮಗು

ನಮ್ಮ ಹಳ್ಳಿಗಳಲ್ಲಿ ಗಿಣಿಗೆ ಎರಡು ಬಾಳು. ಜೋಳ, ಸೂರ್ಯಕಾಂತಿ, ಭತ್ತದ ತೆನೆ ಹಾಲುಗಟ್ಟಿದಾಗ ಹಿಂಡಾಗಿ ಇಳಿಯುವ ಗಿಣಿ ರೈತನಿಗೆ ಕಳ್ಳ. ಅಟ್ಟಣೆ ಕಟ್ಟಿ, ಕವಣೆ ಬೀಸಿ, ತಗಡಿನ ಡಬ್ಬ ಬಡಿದು ಓಡಿಸುತ್ತಿದ್ದರು. ಅದೇ ಗಿಣಿ ಪಂಜರದೊಳಗೆ ಬಂದರೆ ಮನೆಮಗು. "ಗಿಣಿಗೆ ಹೇಳ್ದಂಗೆ ಹೇಳ್ದೆ" ಅನ್ನುವ ಮಾತು ಎಲ್ಲರ ಮನೆಯಲ್ಲೂ ಇದೆ. ಮಗಳನ್ನು ಮುದ್ದಾಗಿ ಸಾಕಿ ಕೆಟ್ಟ ಮನೆಗೆ ಕೊಟ್ಟರೆ "ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂಗಾಯ್ತು" ಅನ್ನುತ್ತಾರೆ. ಜಾತ್ರೆಗಳಲ್ಲಿ ಗಿಣಿಶಾಸ್ತ್ರದವರ ಗಿಣಿ ಪುಟ್ಟ ಬಾಗಿಲಿಂದ ಹೊರಬಂದು, ಚೀಟಿ ಎತ್ತಿಕೊಟ್ಟು, ಒಂದು ಕಾಳು ತಿಂದು ಒಳಗೆ ಹೋಗುತ್ತಿತ್ತು. ಅದರ ರೆಕ್ಕೆ ಕತ್ತರಿಸಿರುತ್ತಿದ್ದುದನ್ನು ಚಿಕ್ಕಂದಿನಲ್ಲಿ ನಾವು ನೋಡಿದ್ದರೂ ಯೋಚಿಸಿರಲಿಲ್ಲ.

ಈ ಗಿಣಿಗಳೆಲ್ಲ ಬರುತ್ತಿದ್ದುದು ಪೊಟರೆಗಳಿಂದ. ಕೊರಳಲ್ಲಿ ಗುಲಾಬಿ ಪಟ್ಟೆಯಿರುವ ನಮ್ಮ ಸಾಮಾನ್ಯ ಗಿಣಿ ಚಳಿಗಾಲದ ಕೊನೆ, ಬೇಸಿಗೆಯ ಮೊದಲಲ್ಲಿ ನಾಲ್ಕಾರು ಮೊಟ್ಟೆ ಇಡುತ್ತದೆ. ಮೂರು ವಾರ ದಾಟಿದ ಮೇಲೆ ಮರಿ, ಆಮೇಲೆ ಆರೇಳು ವಾರಕ್ಕೆ ಹಾರಾಟ. ಗಿಣಿ ತಾನೇ ಗೂಡು ನೇಯುವುದಿಲ್ಲ. ಹಳೆಯ ಮರ, ಒಣಗಿದ ತೆಂಗು, ಮರಕುಟಿಗ ಬಿಟ್ಟುಹೋದ ತೂತು ಬೇಕು. ಮರಿ ಹಿಡಿಯುವವರಿಗೆ ಇದು ಗೊತ್ತಿತ್ತು. ಹಾರಲು ಬಾರದ ಮರಿಯನ್ನು ತಂದರೆ ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತದೆ, ಮಾತು ಕಲಿಯುತ್ತದೆ. ಮಾತಾಡುವ ಗಿಣಿ ಬೇಕೆಂಬ ನಮ್ಮ ಆಸೆಗೆ ಪೊಟರೆಗಳು ಖಾಲಿಯಾದವು.

ಕಾನೂನು ಬಂದಾಗ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆದರೂ ಹಲವು ಜಾತಿಯ ಹಕ್ಕಿಗಳ ವ್ಯಾಪಾರ ಲೈಸೆನ್ಸ್ ಮೇಲೆ ನಡೆಯುತ್ತಲೇ ಇತ್ತು. ಲಾರಿ, ರೈಲುಗಳಲ್ಲಿ ಗಿಣಿ ಬುಟ್ಟಿಗಳು ಪಟ್ಟಣ ಸೇರುತ್ತಿದ್ದವು. 1990-91ರಲ್ಲಿ ರಫ್ತಿಗೂ ಒಳಗಿನ ವ್ಯಾಪಾರಕ್ಕೂ ತಡೆ ಬಿತ್ತು. ಅಂದಿನಿಂದ ನಮ್ಮ ದೇಶದ ಕಾಡುಗಿಣಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. 2022ರ ತಿದ್ದುಪಡಿ ದಂಡವನ್ನು 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ಏರಿಸಿತು, ಮೂರು ವರ್ಷದವರೆಗೆ ಜೈಲೂ ಆಗಬಹುದು. ಗೂಡು ಕೆದಕುವುದು, ಮೊಟ್ಟೆ ತೆಗೆಯುವುದೂ ಕಾಯ್ದೆಯ ಕಣ್ಣಲ್ಲಿ ಬೇಟೆಯೇ.

ನ್ಯಾಯಾಲಯಗಳೂ ಮಾತಾಡಿವೆ. 2011ರಲ್ಲಿ ಗುಜರಾತ್ ಹೈಕೋರ್ಟ್, 2015ರಲ್ಲಿ ದೆಹಲಿ ಹೈಕೋರ್ಟ್ ಹಕ್ಕಿಗೆ ಹಾರುವ ಹಕ್ಕಿದೆ ಎಂದು ಹೇಳಿದವು. 2013ರಲ್ಲಿ ಸುಪ್ರೀಂ ಕೋರ್ಟು ಸಿಬಿಐಯನ್ನು ಪಂಜರದ ಗಿಳಿ ಎಂದು ಗದರಿದಾಗ ದೇಶಕ್ಕೆಲ್ಲ ಅರ್ಥವಾಯಿತು. ಪಂಜರದ ಗಿಣಿ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಮರದಿಂದ ಬಿದ್ದು ಸಿಕ್ಕ ಮರಿ? ಹೀಗೆ ಕೈಗೆ ಬಂದ ಕಾಡುಪ್ರಾಣಿಯ ಬಗ್ಗೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಕಾಪಾಡಿದವರಿಗೆ ಅದರ ಮೇಲೆ ಒಡೆತನ ಬರುವುದಿಲ್ಲ. ನಾವು ದತ್ತು ಕೊಡುವ ಮಾತೇ ಇರಲಿಲ್ಲ. ಕೇಳಲು ಬಂದ ಮೂರು ಮನೆಯವರಿಗೂ ಇದನ್ನೇ ಹೇಳಿದೆವು. ಒಬ್ಬರು ಬೇಜಾರು ಮಾಡಿಕೊಂಡರು.

ದತ್ತು ಯಾವುದಕ್ಕೆ ಸಲ್ಲುತ್ತದೆ?

ದತ್ತು ಸಲ್ಲುವುದು ಹೊರದೇಶದ ಗಿಣಿಗಳಿಗೆ. ನಮ್ಮ ಕಡೆ ಲವ್ ಬರ್ಡ್ಸ್ ಎಂದು ಕರೆಯುವ ಪುಟ್ಟ ಹಕ್ಕಿಗಳು ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗರ್. ಜುಟ್ಟಿನ ಕಾಕಟೀಲ್ ಕೂಡ ಅಲ್ಲಿಯದೇ. ಪಂಜರದಲ್ಲೇ ಹುಟ್ಟಿ ಬೆಳೆದ ಇವನ್ನು ಪುಣ್ಯ ಬರಲೆಂದು ಹಾರಿಬಿಟ್ಟರೆ ಕಾಗೆಯ ಬಾಯಿಗೆ ಇಟ್ಟ ಹಾಗೆ. ಸಾಕಲಾಗದವರು ಸಾಕಬಲ್ಲವರಿಗೆ ಕೊಡುವುದೇ ಸರಿ. ಬೂದು ಬಣ್ಣದ ಆಫ್ರಿಕನ್ ಗ್ರೇಯಂಥವಕ್ಕೆ ಕಾಗದಪತ್ರ ಬೇಕು. 2016ರಲ್ಲಿ ಸೈಟಿಸ್ ಒಪ್ಪಂದ ಅದನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿತು. 2020ರಲ್ಲಿ ಕೇಂದ್ರ ಸರ್ಕಾರ ಇಂಥ ಪ್ರಾಣಿಪಕ್ಷಿ ಇಟ್ಟುಕೊಂಡವರು ತಾವಾಗಿ ಘೋಷಿಸಿಕೊಳ್ಳಲಿ ಎಂದು ಅವಕಾಶ ಕೊಟ್ಟಿತು. 2024ರಲ್ಲಿ ನೋಂದಣಿಯ ನಿಯಮವೇ ಬಂತು.

ದೊಡ್ಡ ಗಿಣಿಗಳು ನಲವತ್ತು, ಐವತ್ತು ವರ್ಷ ಬದುಕಬಲ್ಲವು. ಸಾಕಿದವರು ಮುದುಕರಾಗುತ್ತಾರೆ, ಮಕ್ಕಳು ಬೆಂಗಳೂರು ಸೇರುತ್ತಾರೆ, ಗಿಣಿ ಉಳಿಯುತ್ತದೆ. ಇಂಥ ಹಕ್ಕಿಗಳಿಗಾಗಿ ಹುಟ್ಟಿದ ಒಂದು ಜಾಗ ನಮಗೆ ಹತ್ತಿರದಲ್ಲೇ ಇದೆ. ನಂಜನಗೂಡಿನಿಂದ ಮೈಸೂರಿಗೆ ಹೋಗುವ ಬಸ್ಸಿನ ದಾರಿಯಲ್ಲಿ, ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ. ಗಾಯಗೊಂಡ, ಕೈಬಿಟ್ಟ ಗಿಣಿಗಳಿಗೆಂದು ಮಾಡಿದ್ದು. 2017ರಲ್ಲಿ 468 ಜಾತಿಯ ಹಕ್ಕಿಗಳ ಲೆಕ್ಕ ಕೊಟ್ಟು ಗಿನ್ನೆಸ್ ದಾಖಲೆಗೆ ಸೇರಿತು. ಅತ್ತ ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ಕಾಡುಪ್ರಾಣಿ, ಹಕ್ಕಿಗಳಿಗೆ ಚಿಕಿತ್ಸೆ ಕೊಟ್ಟು ವಾಪಸ್ ಬಿಡುವ ಕೆಲಸ ಮಾಡುತ್ತಿದೆ. ದತ್ತು ತೆಗೆದುಕೊಳ್ಳಲೇಬೇಕೆಂಬ ಆಸೆಯಿದ್ದರೆ 1892ರಲ್ಲಿ ಚಾಮರಾಜೇಂದ್ರ ಒಡೆಯರು ಆರಂಭಿಸಿದ ಮೈಸೂರು ಮೃಗಾಲಯದ ದತ್ತು ಯೋಜನೆ ಇದೆ. ಹಕ್ಕಿಯ ಊಟದ ಖರ್ಚು ನಿಮ್ಮದು, ಹಕ್ಕಿ ಇರುವುದು ಅಲ್ಲೇ.

ನಾವು ಈಗ ಮಾಡುವುದು

ಉಳಿದ ಆ ಒಂದು ಮರಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿದೆವು. ಬೇರೆ ಗಿಣಿಗಳ ಜೊತೆ ಬೆಳೆದರೆ ಮಾತ್ರ ಅದಕ್ಕೆ ಗಿಣಿಯ ಬುದ್ಧಿ ಬರುತ್ತದೆ, ನಿಮ್ಮ ಮಡಿಲಲ್ಲಿ ಬೆಳೆದರೆ ಬೆಕ್ಕಿಗೂ ಹೆದರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಮಕ್ಕಳು ಎರಡು ದಿನ ನಮ್ಮ ಜೊತೆ ಮಾತು ಬಿಟ್ಟಿದ್ದರು.

ಆದರೆ ಸುದ್ದಿ ಹರಡಿ, ಗಾಯಗೊಂಡ ಹಕ್ಕಿಗಳು ನಮ್ಮ ಬಾಗಿಲಿಗೆ ಬರುವುದು ನಿಲ್ಲಲಿಲ್ಲ. ಅದಕ್ಕೆ ನಮ್ಮ ಮನೆ ಈಗ ಬಸ್ ನಿಲ್ದಾಣ ಇದ್ದ ಹಾಗೆ. ಹಕ್ಕಿ ಕಾಯುತ್ತದೆ, ಮುಂದಿನ ಗಾಡಿ ಹತ್ತುತ್ತದೆ. ನೀವೂ ಇಷ್ಟು ಮಾಡಬಹುದು.

ಮರಿ ಸಿಕ್ಕಿದ ಜಾಗದಲ್ಲೇ ಗೂಡು ಉಳಿದಿದ್ದರೆ ಅದರೊಳಗೇ ವಾಪಸ್ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಗೂಡು ಇಲ್ಲದಿದ್ದರೆ ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ, ಬೆಚ್ಚಗೆ, ಕತ್ತಲಲ್ಲಿ ಇಡಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಇಳಿದರೆ ಸಾಯುತ್ತದೆ. ಹಾಲು, ಬ್ರೆಡ್ ಬೇಡವೇ ಬೇಡ, ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಗಿಣಿಯಿಂದ ಮನುಷ್ಯರಿಗೆ ಹರಡುವ ಒಂದು ಜ್ವರವಿದೆ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹೋದ ಸಾಕು ಗಿಣಿಗಳಿಂದ ಅಮೆರಿಕ, ಯುರೋಪಿನ ಮನೆಗಳಲ್ಲಿ ಅದು ಹರಡಿ ಜನ ಸತ್ತಿದ್ದರು.

ತಗಡೂರು ಅಂದರೆ ಹೊರಗಿನವರಿಗೆ ನೆನಪಾಗುವುದು ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು, ಖಾದಿ. ಆ ಊರಿನ ಕಡೆಯ ಆ ತೋಟದವರು ಈಗ ಇನ್ನೊಂದು ಸುಳಿ ಒಣಗಿದ ತೆಂಗನ್ನು ಕಡಿಯದೆ ಬಿಟ್ಟಿದ್ದಾರೆ. "ಸೌದೆಗೆ ಏನ್ ಮಹಾ ಬತ್ತದೆ, ನಿಂತ್ಕಳ್ಳಿ ಬುಡಿ" ಅನ್ನುತ್ತಾರೆ. ಮೊನ್ನೆ ಹೋದಾಗ ಪೊಟರೆಯಿಂದ ಒಂದು ಕೆಂಪು ಕೊಕ್ಕು ಇಣುಕಿ, ನಮ್ಮನ್ನು ನೋಡಿ ಒಳಗೆ ಹೋಯಿತು.

ಅಜ್ಜಿಯ ಪಂಜರ ವಾಪಸ್ ಕೊಡಲು ಹೋದೆವು. ತೆಗೆದುಕೊಳ್ಳಲಿಲ್ಲ. "ನಮ್ಮತ್ತೆ ಕಾಲದ್ದು ಕಣಪ್ಪ. ಅದ್ರಲ್ಲಿದ್ ಗಿಣಿ ನನ್ ಹೆಸರು ಕೂಗ್ತಿತ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಗ್ಲು ಕಿತ್ತಾಕಿ ಬಳ್ಳಿ ಹಬ್ಬಿಸ್ಕಳಿ" ಅಂದರು. ಈಗ ನಮ್ಮ ಹಿತ್ತಲಲ್ಲಿ ಅದರ ಮೇಲೆ ಚಪ್ಪರದವರೆ ಹಬ್ಬಿದೆ.