ಪಣದಿಂದ ಪಂದ್ಯಕ್ಕೆ: ಒಂದು ಎಲೆಯಾಟದ ಚರಿತ್ರೆ



1994ರ ಬೇಸಿಗೆ ರಜೆಯ ಒಂದು ರಾತ್ರಿ ಊಟ ಮುಗಿಸಿ ಪಾತ್ರೆ ಎತ್ತಿಡುತ್ತಿದ್ದೆವು. ಫೋನು ಹೊಡೆದುಕೊಂಡಿತು. ನಮ್ಮ ಕೂಟದ್ದೇ ಇನ್ನೊಂದು ಮನೆಯವರು. "ನಿಮ್ಮ ಹುಡುಗ ನಮ್ಮವನ ಹತ್ತಿರ ಜೂಜಾಡಿ ಕಾರ್ಡು ಗೆದ್ದುಕೊಂಡು ಹೋಗಿದ್ದಾನಂತಲ್ರೀ? ಇವನು ಸಂಜೆಯಿಂದ ಊಟಕ್ಕೆ ಎದ್ದಿಲ್ಲ" ಎಂದರು. ಜೂಜು ಎಂಬ ಮಾತು ಕೇಳಿ ನಮ್ಮ ಎದೆ ಧಸಕ್ಕೆಂದಿತು. ಇಸ್ಪೀಟ್ ಕ್ಲಬ್ಬಿನ ಬಾಗಿಲಲ್ಲಿ ಪೊಲೀಸರನ್ನು ಕಂಡು ಬೆಳೆದವರು ನಾವು. ಏಳು ಸಮುದ್ರ ದಾಟಿ ಬಂದು, ಹದಿಮೂರು ವರ್ಷದ ಮಗ ಬೇಸ್‌ಮೆಂಟಿನಲ್ಲಿ ಕೂತು ಜೂಜಾಡುವುದೇ?

ಕರೆದು ಕೇಳಿದರೆ ಅವನು ಅಳುಕಲಿಲ್ಲ. ಅಂಗೈಯಗಲದ ಒಂದು ಪುಸ್ತಿಕೆ ತಂದು ಮುಂದೆ ಹಿಡಿದ. "ಅಪ್ಪಾ, ರೂಲ್ ಇದೆ." ಅಡಿಗೆಮನೆಯ ದೀಪದಲ್ಲಿ ಓದಿದೆವು. ಹೌದು, ಇತ್ತು. ಆಟಕ್ಕೆ ಮೊದಲು ಇಬ್ಬರೂ ತಮ್ಮ ಕಟ್ಟಿನಿಂದ ಆರಿಸಿಕೊಳ್ಳದೆ ಒಂದೊಂದು ಎಲೆ ತೆಗೆದು ಪಕ್ಕಕ್ಕಿಡುವುದು. ಗೆದ್ದವನಿಗೆ ಎರಡೂ ಎಲೆ. ಧರ್ಮರಾಯನೂ ನಿಯಮದ ಪ್ರಕಾರವೇ ಸೋತವನು ಎಂದು ಅವನಿಗೆ ಹೇಳಿ, ಮರುದಿನ ಬೆಳಿಗ್ಗೆ ಆ ಎಲೆಯನ್ನು ಹಿಂದಿರುಗಿಸಿ ಬಂದೆವು. ಅದರ ಹೆಸರು 'ಶಿವನ್ ಡ್ರ್ಯಾಗನ್'. ಶಿವನ್ ಎಂದಾಗ ನಮ್ಮವರೇ ಯಾರೋ ಎಂದುಕೊಂಡೆವು. ಶಿವ್ ಎನ್ನುವುದು ಆ ಆಟದ ಕಲ್ಪಿತ ಲೋಕದ ಒಂದು ನಾಡಂತೆ. ಎಲೆ ಮರಳಿತು, ಸ್ನೇಹ ಮಾತ್ರ ಅಷ್ಟು ಬೇಗ ಮರಳಲಿಲ್ಲ. ಆಮೇಲಿನ ಎರಡು ವರ್ಷ ಪಾಟ್‌ಲಕ್ಕಿನಲ್ಲಿ ಆ ಮನೆಯವರು ತಂದ ಬಿಸಿಬೇಳೆಬಾತಿನ ಪಾತ್ರೆಯೆದುರು ಸೌಟು ಹಿಡಿದು ನಿಲ್ಲುವುದೇ ನಮಗೆ ಮುಜುಗರವಾಗಿತ್ತು.

ಈಗ ಆ ಹುಡುಗರಿಗೆ ಮಕ್ಕಳಾಗಿದ್ದಾರೆ. ಹನ್ನೊಂದು ವರ್ಷದ ನಮ್ಮ ಮೊಮ್ಮಗಳು ಶುಕ್ರವಾರ ಸಂಜೆ ಅಂಗಡಿಯೊಂದರಲ್ಲಿ ಇದೇ ಬಗೆಯ ಎಲೆಯಾಟದ ಪಂದ್ಯಕ್ಕೆ ಹೋಗುತ್ತಾಳೆ. ಅಲ್ಲಿ ಯಾರೂ ಯಾರ ಎಲೆಯನ್ನೂ ಕಿತ್ತುಕೊಳ್ಳುವುದಿಲ್ಲ. ಪಟ್ಟಿಯಿದೆ, ಸುತ್ತುಗಳಿವೆ, ತೀರ್ಪುಗಾರರಿದ್ದಾರೆ. ಅವಳಿಗಾಗಿ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕಾಯುತ್ತಾ ಕೂತಾಗ, ಅಂದಿನ ಪುಸ್ತಿಕೆಯಿಂದ ಇಂದಿನ ಈ ಶಿಸ್ತಿಗೆ ಆಟ ಹೇಗೆ ಬಂತೆಂದು ತಿಳಿಯುವ ಕುತೂಹಲ ಹುಟ್ಟಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆಟದ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಪಿಎಚ್.ಡಿ. ಮಾಡಿದವರು. ಅವರು ಬೇರೊಂದು ಹಲಗೆಯಾಟ ಹಿಡಿದುಕೊಂಡು ಸಿಯಾಟಲ್ ಬಳಿಯ 'ವಿಜರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಪುಟ್ಟ ಕಂಪನಿಯ ಪೀಟರ್ ಆಡ್ಕಿಸನ್ ಅವರ ಬಳಿ ಹೋಗಿದ್ದರು. ಅದನ್ನು ಅಚ್ಚು ಹಾಕಿಸುವಷ್ಟು ದುಡ್ಡು ಆಡ್ಕಿಸನ್ ಬಳಿ ಇರಲಿಲ್ಲ. ಜೇಬಿನಲ್ಲಿ ಒಯ್ಯಬಹುದಾದ, ಬೇಗ ಮುಗಿಯುವ ಆಟವೊಂದನ್ನು ಕೊಡಿ ಎಂದರಂತೆ. ಹಾಗೆ ಹುಟ್ಟಿದ ಆಟ 1993ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂತು. ಎಲೆಗಳನ್ನು ಅಚ್ಚು ಹಾಕಿದ್ದು ಬೆಲ್ಜಿಯಮ್ಮಿನ ಕಾರ್ಟಾ ಮುಂಡಿ. ಮೊದಲ ಮುದ್ರಣ 26 ಲಕ್ಷ ಎಲೆ. ಅದು ಸಾಲದೆ ಅಕ್ಟೋಬರಿನಲ್ಲಿ ಮತ್ತೆ 73 ಲಕ್ಷ.

ಇಸ್ಪೀಟಿನ ಕಟ್ಟಿನಲ್ಲಿ ಎಲ್ಲರಿಗೂ ಅದೇ 52 ಎಲೆ. ಇಲ್ಲಿ ಹಾಗಲ್ಲ. ಮುಚ್ಚಿದ ಪೊಟ್ಟಣ ಕೊಳ್ಳಬೇಕು, ಒಳಗೇನಿದೆಯೋ ಗೊತ್ತಿಲ್ಲ, ಕೆಲವು ಎಲೆ ಅಪರೂಪ. ಸಿಕ್ಕಿದ್ದರಲ್ಲಿ ಆರಿಸಿ ಪ್ರತಿಯೊಬ್ಬರೂ ತಮ್ಮದೇ ಕಟ್ಟು ಕಟ್ಟಿಕೊಂಡು ಬಂದು ಕೂರಬೇಕು. (ಎಲೆಯಾಟಕ್ಕೆ ಹೊಸ ಹೊಸ ಕಟ್ಟು ಕಲ್ಪಿಸುವುದು ನಮಗೇನೂ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಬಗೆಯ ಗಂಜೀಫ ಆಟಗಳನ್ನು ರೂಪಿಸಿ 'ಶ್ರೀತತ್ತ್ವನಿಧಿ'ಯಲ್ಲಿ ಸೇರಿಸಿದರು. ಆದರೆ ಅರಮನೆಯ ಗಂಜೀಫ ಅಂಗಡಿಯಲ್ಲಿ ಪೊಟ್ಟಣವಾಗಿ ಸಿಗುತ್ತಿರಲಿಲ್ಲ ಬಿಡಿ.)

ಗಾರ್ಫೀಲ್ಡರ ಲೆಕ್ಕ ಸಾಧುವಾಗಿಯೇ ಇತ್ತು. ಗೆಳೆಯರ ಗುಂಪೊಂದು ನಾಲ್ಕಾರು ಪೊಟ್ಟಣ ಕೊಳ್ಳುತ್ತದೆ, ಬಲವಾದ ಎಲೆ ಅಲ್ಲೊಂದು ಇಲ್ಲೊಂದು ಕಾಣುತ್ತದೆ, ಪಣದ ನಿಯಮದಿಂದ ಎಲೆಗಳು ಕೈಯಿಂದ ಕೈಗೆ ಹರಿದಾಡುತ್ತವೆ ಎಂದು ಅವರು ಎಣಿಸಿದ್ದರು. ಜನ ಪೆಟ್ಟಿಗೆಗಟ್ಟಲೆ ಕೊಂಡರು. ಆಗ ನಿಯಮಗಳ ತೂತುಗಳೆಲ್ಲ ಬಯಲಾದವು. ಮೊದಲಿನ ನಿಯಮದಲ್ಲಿ ಕಟ್ಟಿನಲ್ಲಿ ಕನಿಷ್ಠ 40 ಎಲೆ ಇದ್ದರೆ ಸಾಕು. ಒಂದೇ ಎಲೆಯ ಎಷ್ಟು ಪ್ರತಿ ಬೇಕಾದರೂ ಇರಬಹುದು. ಒಂದು ಸಣ್ಣ ಗಣಿತ ನೋಡಿ. ಆಟಗಾರನಿಗೆ ಆರಂಭದಲ್ಲಿ 20 ಪ್ರಾಣ. 'ಲೈಟ್ನಿಂಗ್ ಬೋಲ್ಟ್' ಎಂಬ ಸಿಡಿಲಿನ ಎಲೆ ಒಂದೇಟಿಗೆ 3 ಕಳೆಯುತ್ತದೆ. ಏಳು ಸಿಡಿಲು ಬಿದ್ದರೆ ಆಟ ಮುಗಿಯಿತು. ಕಟ್ಟಿನ ತುಂಬ ಸಿಡಿಲನ್ನೇ ತುಂಬಿಕೊಂಡು ಬಂದವನೆದುರು ಯಾರು ಏನು ಮಾಡಿಯಾರು? 'ಬ್ಲ್ಯಾಕ್ ಲೋಟಸ್'ನಂತಹ ಅಪರೂಪದ ಎಲೆಗಳನ್ನು ದುಡ್ಡು ಚೆಲ್ಲಿ ಕೂಡಿಹಾಕಿದವನೆದುರಂತೂ ಕೇಳುವುದೇ ಬೇಡ.

ಊರಿನ ಗೆಳೆಯರಾದರೆ ಬೈದು ಸರಿಮಾಡಿಕೊಳ್ಳಬಹುದು. ಗುರುತಿಲ್ಲದವರು ಎದುರು ಬದುರು ಕೂತಾಗ ಎಲ್ಲರೂ ಒಪ್ಪುವ ಕಟ್ಟಳೆ ಬೇಕೇ ಬೇಕು. ಅದಕ್ಕಾಗಿ ಕಂಪನಿಯ ಆಶ್ರಯದಲ್ಲಿ 'ಡ್ಯುಯೆಲಿಸ್ಟ್ಸ್ ಕಾನ್ವೊಕೇಶನ್' ಎಂಬ ಸಂಸ್ಥೆ ಹುಟ್ಟಿತು, ಮುಂದೆ ಡಿ.ಸಿ.ಐ. ಎಂದೇ ಹೆಸರಾಯಿತು. 1994ರ ಜನವರಿಯಲ್ಲಿ ಪಂದ್ಯಗಳಿಗೆಂದೇ ನಿಯಮ ಹೊರಬಂತು. ಕಟ್ಟಿಗೆ ಕನಿಷ್ಠ 60 ಎಲೆ, ಮೂಲ ಭೂಮಿಯ ಎಲೆಗಳನ್ನು ಬಿಟ್ಟರೆ ಯಾವುದೂ ನಾಲ್ಕು ಪ್ರತಿಗಿಂತ ಹೆಚ್ಚಿಲ್ಲ, ಅತಿ ಬಲಿಷ್ಠವಾದವು ಕಟ್ಟಿಗೆ ಒಂದೇ, ಕೆಲವಂತೂ ನಿಷಿದ್ಧ. ನಾಲ್ಕು ಸಿಡಿಲೆಂದರೆ ಹನ್ನೆರಡೇ ಪ್ರಾಣ. ಉಳಿದ ಎಂಟಕ್ಕೆ ಬುದ್ಧಿ ಖರ್ಚು ಮಾಡಬೇಕು.

ಪಣವನ್ನು ಪಂದ್ಯಗಳಿಂದ ಹೊರಗಿಟ್ಟರು. ಪಣದ ಮೇಲೆಯೇ ಕೆಲಸ ಮಾಡುವ ಎಲೆಗಳೂ ನಿಷಿದ್ಧವಾದವು. ಅಂತಹ ಎಲೆ ಕೊನೆಯದಾಗಿ ಅಚ್ಚಾದದ್ದು 1995ರಲ್ಲಿ. ಆಮೇಲೆ ಬರಲೇ ಇಲ್ಲ. ನಮ್ಮ ಮನೆಗೆ ಫೋನು ಬಂದ ಬೇಸಿಗೆಯಲ್ಲಿ, ಎರಡು ಗಂಟೆಯ ಡ್ರೈವಿನಾಚೆ ಮಿಲ್ವಾಕಿಯಲ್ಲಿ ಪಂದ್ಯವಾಡುತ್ತಿದ್ದವರು ಪಣವನ್ನು ಆಗಲೇ ಕೈಬಿಟ್ಟಿದ್ದರು. ಬೇಸ್‌ಮೆಂಟಿನ ಮಕ್ಕಳ ಕೈಯಲ್ಲಿ ಮಾತ್ರ ಹಳೆಯ ಪುಸ್ತಿಕೆ ಇತ್ತು. ಇದು ನಮಗೆ ತಿಳಿದದ್ದು ಇಷ್ಟು ವರ್ಷದ ಮೇಲೆ! ತಿಳಿದಿದ್ದರೆ ಎರಡು ಮನೆಗಳ ನಡುವಿನ ಆ ಮೌನ ಒಂದು ವಾರವೂ ಉಳಿಯುತ್ತಿರಲಿಲ್ಲವೇನೋ.

ಮಿಲ್ವಾಕಿಯಲ್ಲಿ ಆ ಆಗಸ್ಟಿನಲ್ಲಿ ನಡೆದದ್ದು ಮೊದಲ ವಿಶ್ವ ಚಾಂಪಿಯನ್‌ಶಿಪ್. 'ಜೆನ್ ಕಾನ್' ಎಂಬ ಆಟಗಳ ಜಾತ್ರೆಯ ಒಂದು ಭಾಗ. 512 ಜನ, ಸೋತವರು ಹೊರಕ್ಕೆ ಎಂಬ ಪದ್ಧತಿ. ವಿಶ್ವ ಎಂಬ ಹೆಸರಿದ್ದರೂ ಜಾತ್ರೆಗೆ ಬಂದವರೇ ಆಟಗಾರರು. ಗೆದ್ದವರು ಅಮೆರಿಕದ ಝಾಕ್ ಡೋಲನ್. ಸೋತವರು ಫ್ರಾನ್ಸಿನ ಬರ್ಟ್ರಾಂಡ್ ಲೆಸ್ಟ್ರೇ. ಮರುವರ್ಷ ಸಿಯಾಟಲ್ಲಿನಲ್ಲಿ ದೇಶಗಳಿಂದ ಆಯ್ದು ಬಂದ 71 ಜನ ಮಾತ್ರ ಆಡಿದರು; ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬ್ಲುಮ್ಕೆ ಗೆದ್ದರು. ಒಂದೇ ವರ್ಷದಲ್ಲಿ ಜಾತ್ರೆಯ ಕುಸ್ತಿ ದೇಶ ದೇಶಗಳ ಪಂದ್ಯವಾಯಿತು.

ಸೋತವರು ಹೊರಕ್ಕೆ ಎಂಬ ಪದ್ಧತಿಯಲ್ಲಿ ಒಂದು ಕ್ರೌರ್ಯವಿದೆ. 512 ಜನರಲ್ಲಿ 256 ಮಂದಿ ಮೊದಲ ಸುತ್ತಿಗೇ ಎದ್ದು ಹೋಗಬೇಕು. ನೂರಾರು ಮೈಲಿ ಡ್ರೈವ್ ಮಾಡಿಕೊಂಡು ಬಂದ ಹುಡುಗ ಅರ್ಧ ಗಂಟೆಯಲ್ಲಿ ಮನೆಗೆ ಹೋಗಬೇಕೆಂದರೆ ಮುಂದಿನ ಸಲ ಬಂದಾನೆಯೇ? ಈ ಆಟದ ಪಂದ್ಯಗಳು ಬೆಳೆಯಲು ನೆರವಾದದ್ದು ಚದುರಂಗದವರ 'ಸ್ವಿಸ್' ಪದ್ಧತಿ ಎಂದರೆ ತಪ್ಪಾಗಲಾರದು. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಇಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮಾನ ಅಂಕದವರನ್ನು ಜೋಡಿ ಮಾಡುತ್ತಾರೆ. ಗೆದ್ದವನಿಗೆ ಗೆದ್ದವನು, ಸೋತವನಿಗೆ ಸೋತವನು. ಹದಿನಾರು ಜನರಿದ್ದರೆ ನಾಲ್ಕು ಸುತ್ತಿನಲ್ಲಿ ಸೋಲದವನು ಒಬ್ಬನೇ ಉಳಿಯುತ್ತಾನೆ, ಕೊನೆಯವನಿಗೂ ನಾಲ್ಕು ಆಟ ಸಿಕ್ಕಿರುತ್ತದೆ. ನಮ್ಮ ಮೊಮ್ಮಗಳು ಮೂರು ಸೋತು ಒಂದು ಗೆದ್ದ ದಿನವೂ ಕಾರಿನಲ್ಲಿ ಆ ಒಂದರ ಕಥೆಯನ್ನೇ ಹೇಳುತ್ತಾಳೆ.

ಚದುರಂಗದಿಂದಲೇ ಬಂದ ಇನ್ನೊಂದು ಸಾಲ 'ಇಲೋ' ಅಂಕ. ಅರ್ಪಾಡ್ ಇಲೋ ಬಾಲ್ಯದಲ್ಲಿ ಹಂಗೇರಿಯಿಂದ ಬಂದ ವಲಸಿಗರು. ಇದೇ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರಾಗಿದ್ದರು. ಬಲಿಷ್ಠನನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲನ ಕೈಯಲ್ಲಿ ಸೋತರೆ ಹೆಚ್ಚು ನಷ್ಟ ಎಂಬ ಅವರ ಲೆಕ್ಕವನ್ನು 1970ರಲ್ಲಿ ಅಂತಾರಾಷ್ಟ್ರೀಯ ಚದುರಂಗ ಒಕ್ಕೂಟ ಒಪ್ಪಿಕೊಂಡಿತ್ತು. ಡಿ.ಸಿ.ಐ. ಕೂಡ ಅದನ್ನೇ ಹಿಡಿಯಿತು. ಇದರಲ್ಲೂ ಒಂದು ತೊಡಕಿತ್ತು. ಅಂಕ ಏರಿದವರು, ಇಳಿದೀತೆಂಬ ಭಯದಿಂದ ಆಡುವುದನ್ನೇ ಬಿಟ್ಟು ಮನೆಯಲ್ಲಿ ಕೂರತೊಡಗಿದರು! 2011ರಲ್ಲಿ ಅದನ್ನು ಕೈಬಿಟ್ಟು, ಆಡಿದಷ್ಟೂ ಅಂಕ ಕೂಡುವ ಬೇರೆ ಲೆಕ್ಕ ತಂದರು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ದುಡ್ಡಿನದು. ಹಳೆಯ ಎಲೆಗಳ ಬೆಲೆ ಏರುತ್ತಿದ್ದಂತೆ, ತಡವಾಗಿ ಬಂದ ಹುಡುಗ ಆಟ ಶುರುವಾಗುವ ಮೊದಲೇ ಸೋತಂತೆ. 1995ರಲ್ಲಿ ಇದಕ್ಕೆ ಒಂದು ಉತ್ತರ ಸಿಕ್ಕಿತು. ಪಂದ್ಯವನ್ನು ಎರಡು ಬಗೆ ಮಾಡಿದರು. ಒಂದರಲ್ಲಿ ಹಳೆಯದೆಲ್ಲ ನಡೆಯುತ್ತದೆ, ಇನ್ನೊಂದರಲ್ಲಿ ಇತ್ತೀಚೆಗೆ ಅಚ್ಚಾದವು ಮಾತ್ರ. ಹೊಸ ಸಂಚಿಕೆ ಬಂದಂತೆ ಹಳೆಯದು ಹಿಂದೆ ಸರಿಯುತ್ತದೆ. ಈ ಎರಡನೆಯದೇ ಮುಂದೆ 'ಸ್ಟ್ಯಾಂಡರ್ಡ್' ಎಂದಾಯಿತು. ಇದರಿಂದ ಕಂಪನಿಗೂ ಲಾಭ, ಏಕೆಂದರೆ ಎಲ್ಲರೂ ಹೊಸ ಪೊಟ್ಟಣ ಕೊಳ್ಳಲೇಬೇಕು. ತಂದೆತಾಯಿಗಳಾದ ನಮಗೆ ಅದು ನ್ಯಾಯವೆನಿಸಿದ್ದಕ್ಕಿಂತ ಖರ್ಚೆನಿಸಿದ್ದೇ ಹೆಚ್ಚು. ನಮಗೆ ಮನಸ್ಸಿಗೆ ಹಿಡಿಸಿದ್ದು 'ಡ್ರಾಫ್ಟ್'. ಎಲ್ಲರೂ ಒಂದೊಂದು ಪೊಟ್ಟಣ ಒಡೆದು, ಒಂದು ಎಲೆ ಇಟ್ಟುಕೊಂಡು, ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತಾರೆ. ಪಂಕ್ತಿಯಲ್ಲಿ ಪಲ್ಯದ ಪಾತ್ರೆ ದಾಟಿಸಿದ ಹಾಗೆ. ಸುತ್ತಿ ಬಂದದ್ದರಲ್ಲೇ ಕಟ್ಟು ಕಟ್ಟಬೇಕು. ಮನೆಯಲ್ಲಿ ಏನಿದೆ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

1996ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪಕ್ ಬಿಲ್ಡಿಂಗಿನಲ್ಲಿ, ಹಿಮಪಾತದ ನಡುವೆ, ಮೊದಲ 'ಪ್ರೊ ಟೂರ್' ನಡೆಯಿತು. ಕಂಪನಿಯ ಸ್ಕಾಫ್ ಎಲಿಯಾಸ್ ಅವರ ಯೋಚನೆ ಅದು. ಟೆನ್ನಿಸ್, ಗಾಲ್ಫ್‌ಗಳಂತೆ ನಗದು ಬಹುಮಾನ, ಊರಿಂದೂರಿಗೆ ಸುತ್ತುವ ಪಂದ್ಯ. ಮೈಕೆಲ್ ಲೊಕಾಂಟೊ ಗೆದ್ದರು; ಪಾಪ, ಲೆಸ್ಟ್ರೇ ಮತ್ತೆ ಎರಡನೆಯವರು. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ನಿಂತ 'ಕ್ವೀನ್ ಮೇರಿ' ಹಡಗಿನ ಮೇಲೆ ಎರಡನೆಯ ಟೂರ್, ಅದು ಪೂರ್ತಿ ಡ್ರಾಫ್ಟ್. ಕಿರಿಯರಿಗೆಂದು ಆಮೇಲೆ ಬಂದ 'ಜೂನಿಯರ್ ಸೂಪರ್ ಸೀರೀಸ್'ನಲ್ಲಿ ಬಹುಮಾನವನ್ನು ವಿದ್ಯಾರ್ಥಿವೇತನವಾಗಿ ಕೊಡುತ್ತಿದ್ದರು. ಸ್ಕಾಲರ್‌ಶಿಪ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಮನೆಯಲ್ಲಿ ಜೂಜು ಎಂಬ ಶಬ್ದ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಬಹುಮಾನ ಒಂದು ಕಾಸೂ ಬರಲಿಲ್ಲ, ಆ ಮಾತು ಬೇರೆ.

ಆ ವರ್ಷದ ವಿಶ್ವ ಪಂದ್ಯದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ದೊಡ್ಡ ಪಂದ್ಯಗಳಲ್ಲಿ ಕಟ್ಟಿನ ಪ್ರತಿ ಎಲೆಯನ್ನೂ ಪಟ್ಟಿ ಬರೆದು ಮುಂಚಿತವಾಗಿ ಒಪ್ಪಿಸಬೇಕು. ನಡುವೆ ಬದಲಾಯಿಸುವ ಹಾಗಿಲ್ಲ. ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್ ಪಟ್ಟಿ ಬರೆಯುವಾಗ ನಾಲ್ಕು ಭೂಮಿಯ ಎಲೆ ಬಿಟ್ಟುಬಿಟ್ಟರು. ತೀರ್ಪುಗಾರರು ಆ ಜಾಗಕ್ಕೆ ಸಾಮಾನ್ಯ ಬಯಲಿನ ಎಲೆ ತುಂಬಿಸಿದರು. ಅದರಿಂದ ಅವರ ಕಟ್ಟಿನಲ್ಲಿದ್ದ ನೀಲಿ ಬಣ್ಣದ ಎಲೆಯನ್ನು ಬಳಸಲು ದಾರಿಯೇ ಇಲ್ಲದಾಯಿತು. ಆ ನಿರುಪಯೋಗಿ ಎಲೆಯನ್ನು ಹೊತ್ತುಕೊಂಡೇ ಅವರು ವಿಶ್ವ ಚಾಂಪಿಯನ್ ಆದರು! ಬಹುಮಾನದೊಂದಿಗೆ ಅವರಿಗೆಂದೇ ಅಚ್ಚು ಹಾಕಿದ, ಜಗತ್ತಿನಲ್ಲಿ ಒಂದೇ ಒಂದು ಪ್ರತಿಯಿರುವ ಎಲೆಯೂ ಸಿಕ್ಕಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. 1997ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ 'ಗ್ರಾಂ ಪ್ರಿ' ಪಂದ್ಯಗಳು ಶುರುವಾದವು. ಆಹ್ವಾನ ಬೇಡ, ಯಾರು ಬೇಕಾದರೂ ಬರಬಹುದು. 1999ರ ಜನವರಿಯಲ್ಲಿ ಜಪಾನಿನ 'ಪೋಕೆಮಾನ್' ಎಲೆಯಾಟವನ್ನು ಇದೇ ಕಂಪನಿ ಅಮೆರಿಕಕ್ಕೆ ತಂದಾಗ ಪ್ರೈಮರಿ ಶಾಲೆಯ ಮಕ್ಕಳೂ ಸೇರಿದರು. ಗಲಾಟೆ ತಡೆಯಲಾರದೆ ಎಷ್ಟೋ ಶಾಲೆಗಳು ಎಲೆಗಳನ್ನೇ ನಿಷೇಧಿಸಿದವು. ಆ ಆಟಕ್ಕೂ 2004ರಿಂದ ವಿಶ್ವ ಪಂದ್ಯವಿದೆ, ವಯಸ್ಸಿಗೆ ತಕ್ಕ ವಿಭಾಗಗಳೊಂದಿಗೆ. 1999ರಲ್ಲೇ ಹ್ಯಾಸ್‌ಬ್ರೋ ಎಂಬ ಆಟಿಕೆಗಳ ದೊಡ್ಡ ಕಂಪನಿ ವಿಜರ್ಡ್ಸನ್ನು ಕೊಂಡುಕೊಂಡಿತು. 2000ದಿಂದ ಶುಕ್ರವಾರ ರಾತ್ರಿಯ ಪಂದ್ಯಗಳು ಅಂಗಡಿ ಅಂಗಡಿಗಳಲ್ಲಿ ನಡೆಯತೊಡಗಿದವು. ನಮ್ಮ ಅಭಿಪ್ರಾಯದಲ್ಲಿ ಆಟವನ್ನು ಉಳಿಸಿದ್ದು ಪ್ರೊ ಟೂರಿನ ನಗದಿಗಿಂತ ಹೆಚ್ಚಾಗಿ ಈ ಶುಕ್ರವಾರಗಳೇ. 2020ರಲ್ಲಿ ಕೊರೊನಾದಿಂದ ಮೇಜುಗಳೆಲ್ಲ ಖಾಲಿಯಾದವು, ಹಳೆಯ ಡಿ.ಸಿ.ಐ. ಸಂಖ್ಯೆಗಳೂ ಆ ವರ್ಷವೇ ನಿವೃತ್ತಿಯಾದವು. ಎದುರು ಬದುರು ಕೂತು ಆಡುವ ಪ್ರೊ ಟೂರ್ ಮತ್ತೆ ನಡೆದದ್ದು 2023ರ ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾದಲ್ಲಿ.

ಇನ್ನು ನಮ್ಮ ಕೂಟದ ವಿಷಯ. ಬರುವ ದೀಪಾವಳಿ ಸಮಾರಂಭದ ಮಧ್ಯಾಹ್ನ ಮಕ್ಕಳಿಗೊಂದು ಎಲೆಯಾಟದ ಪಂದ್ಯ ಇಡೋಣವೆಂದು ಸಮಿತಿಯಲ್ಲಿ ಕೇಳಿದೆವು. "ಹಬ್ಬದ ದಿನ ಇಸ್ಪೀಟಾ?" ಎಂದು ಒಬ್ಬರು ಹುಬ್ಬೇರಿಸಿದರು. ಬಲಿಪಾಡ್ಯಮಿಯ ದಿನ ಪಗಡೆಯಾಡುವುದು ಶಾಸ್ತ್ರದಲ್ಲೇ ಇದೆ ಎಂದು ಹಿರಿಯರೊಬ್ಬರು ಬಾಯಿ ಮುಚ್ಚಿಸಿದರು. ಹದಿನಾರು ಮಕ್ಕಳು, ನಾಲ್ಕು ಸುತ್ತು, ಒಂದೊಂದು ಸುತ್ತಿಗೆ ಐವತ್ತು ನಿಮಿಷ. ಪಣ ಇಲ್ಲ, ಅಂದು ಎಲೆ ಕೊಡುವ, ಕೊಳ್ಳುವ ವ್ಯವಹಾರವೂ ಇಲ್ಲ. ಕಟ್ಟು ಇಲ್ಲದವರಿಗೆ ನಮ್ಮ ಮನೆಯಿಂದ ಎರಡು ಕಟ್ಟು ತರುತ್ತೇವೆ. ತೀರ್ಪುಗಾರನಾಗಲು ಒಪ್ಪಿದವನು 1994ರಲ್ಲಿ ಊಟ ಬಿಟ್ಟು ಮಲಗಿದ್ದ ಆ ಹುಡುಗನೇ. ಅವನ ಮಗಳೂ ಆಡುತ್ತಾಳಂತೆ. ಜೋಡಿಗಳ ಚೀಟಿ ಬರೆಯಲು ಒಬ್ಬ ದೊಡ್ಡವರು ಬೇಕು, ಇಂಗ್ಲಿಷ್ ಅಂಕಿ ಸ್ಫುಟವಾಗಿ ಬರೆಯುವವರಾದರೆ ಸಾಕು. ಹೆಸರುಗಳನ್ನು ದಸರೆಯೊಳಗೆ ಕೊಡಿ. ಬಿಸಿಬೇಳೆಬಾತನ್ನು ಆ ಮನೆಯವರೇ ತರುತ್ತಾರೆ.