ಒಂದು ಜಿಂಕೆಮರಿ, ಹಲವು ತೀರ್ಪು

ಒಂದೇ ಚಿತ್ರಮಂದಿರದಿಂದ ಹೊರಬಂದ ನಾಲ್ವರು ಒಂದೇ ಚಿತ್ರದ ಬಗ್ಗೆ ನಾಲ್ಕು ಬಗೆಯಾಗಿ ಮಾತಾಡುವುದನ್ನು ನಾವೆಲ್ಲ ಕೇಳಿದ್ದೇವೆ. ಅವರವರ ರುಚಿ ಅವರವರಿಗೆ ಎಂದು ಸುಮ್ಮನಾಗುತ್ತೇವೆ. ಆದರೆ ಚರಿತ್ರೆಯನ್ನು ಓದುವವರು ಅಷ್ಟಕ್ಕೇ ಬಿಡುವಂತಿಲ್ಲ. ಶಾಸನ, ನಾಣ್ಯ, ಕಡತಗಳಂತೆ ಪ್ರೇಕ್ಷಕರ ಅಭಿಪ್ರಾಯವೂ ಒಂದು ಆಧಾರವೇ. ಯಾರು ಹೇಳಿದರು, ಯಾವಾಗ ಹೇಳಿದರು, ಎಲ್ಲಿ ನಿಂತು ಹೇಳಿದರು ಎಂದು ಕೇಳುತ್ತ ಹೋದರೆ ಆ ಮಾತುಗಳು ತಮ್ಮ ಕಾಲದ ಕಥೆಯನ್ನೇ ಬಿಚ್ಚಿಡುತ್ತವೆ. 1942ರಲ್ಲಿ ತೆರೆಕಂಡ ವಾಲ್ಟ್ ಡಿಸ್ನಿಯವರ ಅನಿಮೇಷನ್ ಚಿತ್ರ ‘ಬ್ಯಾಂಬಿ’ ಇದಕ್ಕೊಂದು ಒಳ್ಳೆಯ ಉದಾಹರಣೆ.

ಕಥೆ ಸರಳವಾದದ್ದು. ಕಾಡಿನಲ್ಲಿ ಒಂದು ಜಿಂಕೆಮರಿ ಹುಟ್ಟುತ್ತದೆ. ನಡೆಯುವುದನ್ನು, ಮಾತಾಡುವುದನ್ನು, ಗೆಳೆತನವನ್ನು ಕಲಿಯುತ್ತದೆ. ಚಳಿಗಾಲದ ಕೊನೆಯಲ್ಲಿ, ಚಿಗುರುತ್ತಿರುವ ಹುಲ್ಲು ಮೇಯುವಾಗ, ಗುಂಡಿನ ಸದ್ದು ಕೇಳುತ್ತದೆ. ತಾಯಿ ಸಾಯುವುದನ್ನು ಚಿತ್ರ ತೋರಿಸುವುದಿಲ್ಲ. ಬೀಳುತ್ತಿರುವ ಹಿಮದಲ್ಲಿ ಅಮ್ಮನನ್ನು ಕೂಗುತ್ತ ಅಲೆಯುವ ಮರಿಯನ್ನು ಮಾತ್ರ ತೋರಿಸುತ್ತದೆ. ಆಮೇಲೆ ಮರಿ ಬೆಳೆಯುತ್ತದೆ, ಕಾಳ್ಗಿಚ್ಚಿನಿಂದ ಪಾರಾಗುತ್ತದೆ, ಕಡೆಗೆ ತಾನೇ ತಂದೆಯಾಗುತ್ತದೆ. ಸುಮಾರು 70 ನಿಮಿಷಗಳ ಚಿತ್ರದಲ್ಲಿ ಬೇಟೆಗಾರ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ.

ಇದರ ಮೂಲ ಅಮೆರಿಕದ್ದಲ್ಲ. ವಿಯೆನ್ನಾದ ಲೇಖಕ ಫೆಲಿಕ್ಸ್ ಸಾಲ್ಟನ್ 1923ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಕಾದಂಬರಿ ಅದು. ಅಚ್ಚರಿಯೆಂದರೆ ಸಾಲ್ಟನ್ ಸ್ವತಃ ಬೇಟೆಯಾಡುತ್ತಿದ್ದವರು. ಅವರ ಪುಸ್ತಕದ ಕಾಡು ಮೃದುವಾದದ್ದಲ್ಲ. ಅಲ್ಲಿ ಮೃಗಗಳೂ ಮೃಗಗಳನ್ನು ಕೊಲ್ಲುತ್ತವೆ. ಸಾಲ್ಟನ್ ಯೆಹೂದಿಯಾಗಿದ್ದರು. 1930ರ ದಶಕದಲ್ಲಿ ನಾಜಿ ಸರ್ಕಾರ ಅವರ ಪುಸ್ತಕವನ್ನು ನಿಷೇಧಿಸಿತು. ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ ಮೇಲೆ ಅವರು ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಪಡೆದು 1945ರಲ್ಲಿ ಅಲ್ಲಿಯೇ ತೀರಿಕೊಂಡರು. ಬೆನ್ನಟ್ಟಲ್ಪಟ್ಟ ಜನಾಂಗವೊಂದರ ಭಯವೇ ಆ ಜಿಂಕೆಯ ಭಯವೆಂದು ಇಂದು ಕೆಲವು ವಿದ್ವಾಂಸರು ಆ ಕಾದಂಬರಿಯನ್ನು ಓದುತ್ತಾರೆ. ಹೀಗೆ ಚಿತ್ರವಾಗುವ ಮುನ್ನವೇ ಈ ಕಥೆಯ ಮೇಲೆ ಒಂದು ತೀರ್ಪು ಬಿದ್ದಿತ್ತು. ಅದು ಸರ್ಕಾರ ಕೊಟ್ಟ ತೀರ್ಪು.

ಚಿತ್ರ ತಯಾರಾಗಲು ವರ್ಷಗಳೇ ಹಿಡಿದವು. ಪ್ರಾಣಿಗಳ ನಡೆ ಸಹಜವಾಗಿ ಬರಬೇಕೆಂದು ಎರಡು ಜೀವಂತ ಜಿಂಕೆಮರಿಗಳನ್ನು ಮೇನ್ ರಾಜ್ಯದಿಂದ ಸ್ಟುಡಿಯೋಗೆ ತರಿಸಿ ಕಲಾವಿದರ ಕಣ್ಣೆದುರಿಗೆ ಸಾಕಲಾಯಿತು. ಚೀನೀ ಮೂಲದ ಕಲಾವಿದ ಟೈರಸ್ ವಾಂಗ್ ಕಾಡಿನ ಎಲೆಎಲೆಯನ್ನೂ ಬಿಡಿಸುವ ಬದಲು ಮಂಜು, ನೆರಳು, ಬೆಳಕುಗಳಿಂದ ಕಾಡನ್ನು ಸೂಚಿಸುವ ಶೈಲಿಯನ್ನು ಕೊಟ್ಟರು. ಚೀನಾದ ಹಳೆಯ ಭೂದೃಶ್ಯ ಚಿತ್ರಗಳಿಂದ ಅವರು ಕಲಿತದ್ದು ಅದು. ಕಥೆಗೆ ಸಂಬಂಧಿಸಿದಂತೆಯೂ ಒಂದು ಮಾರ್ಪಾಟಾಯಿತು. ಮೂಲದಲ್ಲಿದ್ದ ಯೂರೋಪಿನ ಸಣ್ಣ ಜಾತಿಯ ಜಿಂಕೆಯ ಬದಲು ಅಮೆರಿಕದ ಬಿಳಿಬಾಲದ ಜಿಂಕೆ ಬಂತು. ಈ ಮಾರ್ಪಾಟನ್ನು ನೆನಪಿಡಿ.

1942ರ ಆಗಸ್ಟ್ ತಿಂಗಳಲ್ಲಿ ಚಿತ್ರ ಮೊದಲು ಲಂಡನ್‌ನಲ್ಲಿ, ಬಳಿಕ ನ್ಯೂಯಾರ್ಕಿನಲ್ಲಿ ಬಿಡುಗಡೆಯಾಯಿತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಯೂರೋಪಿನ ಬಹುಪಾಲು ಮಾರುಕಟ್ಟೆ ಮುಚ್ಚಿತ್ತು. ಮೊದಲ ಪ್ರದರ್ಶನದಲ್ಲಿ ಚಿತ್ರ ಹಾಕಿದ ಹಣವನ್ನು ಮರಳಿಸಲಿಲ್ಲ. ಆದರೆ ಮಾತು ಮಾತ್ರ ಬೇಕಾದಷ್ಟು ಎದ್ದಿತು.

ಮೊದಲ ತಕರಾರು ಮಕ್ಕಳದು. ಡಿಸ್ನಿಯವರ ಮಗಳು ಡಯೇನ್‌ಗೆ ಆಗ ಎಂಟು ವರ್ಷ. ತಾಯಿ ಜಿಂಕೆಯನ್ನು ಏಕೆ ಸಾಯಿಸಿದಿರಿ ಎಂದು ಅವಳು ತಂದೆಯೊಡನೆ ಜಗಳವಾಡಿದ ಪ್ರಸಂಗ ಪ್ರಸಿದ್ಧವಾಗಿದೆ. ಪುಸ್ತಕದಲ್ಲಿ ಹಾಗೆಯೇ ಇದೆ ಎಂದರಂತೆ ತಂದೆ. ಬೇರೆ ಕಡೆ ಪುಸ್ತಕವನ್ನು ಬದಲಾಯಿಸಿದ್ದೀರಲ್ಲ ಎಂದಳಂತೆ ಮಗಳು. ಮಗುವಿನ ಈ ವಾದವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮಕ್ಕಳ ಕಥೆಯಲ್ಲಿ ಸಾವು ಬರಬೇಕೇ ಬೇಡವೇ ಎಂಬ ಪ್ರಶ್ನೆ ಅದರಲ್ಲಿದೆ. ತಂದೆಯಂದಿರು ಯುದ್ಧಕ್ಕೆ ಹೊರಟಿದ್ದ ವರ್ಷದಲ್ಲಿ ಆ ಪ್ರಶ್ನೆ ಎಷ್ಟೋ ಮನೆಗಳಿಗೆ ಸೇರಿದ್ದಾಗಿತ್ತು.

ಎರಡನೆಯದು ಬೇಟೆಗಾರರ ಕೋಪ. ‘ಔಟ್‌ಡೋರ್ ಲೈಫ್’ ಪತ್ರಿಕೆಯ ಸಂಪಾದಕ ರೇಮಂಡ್ ಬ್ರೌನ್, ಇದು ಅಮೆರಿಕದ ಬೇಟೆಗಾರರಿಗೆ ಮಾಡಿದ ಘೋರ ಅವಮಾನವೆಂದು ಬರೆದರು. ವಸಂತದಲ್ಲಿ ಜಿಂಕೆಯನ್ನು ಹೊಡೆಯುವುದು ಕಾನೂನುಬಾಹಿರವೆಂದು ಡಿಸ್ನಿಯವರಿಗೆ ನೆನಪಿಸಿದರು. ಕಥೆ ಯೂರೋಪಿನದು ಎಂದು ಜಾರಿಕೊಳ್ಳಲು ಡಿಸ್ನಿಯವರಿಗೆ ದಾರಿಯಿರಲಿಲ್ಲ. ತೆರೆಯ ಮೇಲಿದ್ದುದು ಅಮೆರಿಕದ ಜಿಂಕೆ.

ಮೂರನೆಯದು ವಿಮರ್ಶಕರ ಬೇಸರ. ‘ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಮ್ಯಾನಿ ಫಾರ್ಬರ್, ಡಿಸ್ನಿಯವರು ಕಾರ್ಟೂನಿನ ಸ್ವಚ್ಛಂದ ಕಲ್ಪನೆಯನ್ನು ಬಿಟ್ಟು ವಾಸ್ತವದ ನಕಲಿಗೆ ಇಳಿದಿದ್ದಾರೆ, ಅದೂ ಅತಿ ಸಿಹಿಯಾಗಿದೆ ಎಂದು ಟೀಕಿಸಿದರು. ‘ನ್ಯೂಯಾರ್ಕ್ ಟೈಮ್ಸ್’ ವಿಮರ್ಶೆಯೂ ಇಂಥದೇ ಆತಂಕವನ್ನು ತೋಡಿಕೊಂಡಿತು. ನೋಡಿ, ಮಗುವಿಗೆ ಚಿತ್ರ ತೀರ ಕಹಿ, ವಿಮರ್ಶಕನಿಗೆ ತೀರ ಸಿಹಿ. ಚಿತ್ರ ಒಂದೇ.

ಇಷ್ಟರಲ್ಲೇ ಮುಗಿದಿದ್ದರೆ ಇದು ರುಚಿಭೇದದ ಮಾತಾಗಿ ಉಳಿಯುತ್ತಿತ್ತು. ಆದರೆ ಅದೇ ವರ್ಷಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾಡುಗಳಲ್ಲಿ ನಿಜವಾದ ಜಿಂಕೆಗಳು ಹಸಿವಿನಿಂದ ಸಾಯುತ್ತಿದ್ದವು. ತೋಳಗಳನ್ನು ಹೆಚ್ಚುಕಡಿಮೆ ನಿರ್ಮೂಲ ಮಾಡಲಾಗಿತ್ತು. ಹೆಣ್ಣು ಜಿಂಕೆಯನ್ನು ಕೊಲ್ಲಲು ಬಹುಕಾಲ ಅವಕಾಶವಿರಲಿಲ್ಲ. ಸಂಖ್ಯೆ ಬೆಳೆಯಿತು, ಚಳಿಗಾಲದ ಮೇವು ಸಾಲದಾಯಿತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಲ್ಡೋ ಲಿಯೊಪೋಲ್ಡ್, ಹಿಂಡನ್ನು ತಗ್ಗಿಸದಿದ್ದರೆ ಕಾಡೂ ಉಳಿಯದು, ಜಿಂಕೆಯೂ ಉಳಿಯದು ಎಂದು ವಾದಿಸಿದರು. 1943ರಲ್ಲಿ ಕೊಂಬಿಲ್ಲದ ಜಿಂಕೆಗಳ, ಎಂದರೆ ಹೆಣ್ಣು ಮತ್ತು ಮರಿಗಳ ಬೇಟೆಗೂ ಅನುಮತಿ ದೊರೆಯಿತು. ಆ ಸಲ ಸುಮಾರು 1,28,000 ಜಿಂಕೆಗಳು ಬಲಿಯಾದವು. ಜನ ಅದನ್ನು ‘ನಲವತ್ತಮೂರರ ಅಪರಾಧ’ ಎಂದೇ ಕರೆದರು.

ಆ ಜನಾಭಿಪ್ರಾಯವನ್ನು ಈ ಚಿತ್ರವೇ ರೂಪಿಸಿತೆಂದು ಹೇಳಲಾಗದು. ಬೇಟೆಗಾರರಲ್ಲೇ ಹಲವರು ಲಿಯೊಪೋಲ್ಡರಿಗೆ ವಿರೋಧವಾಗಿದ್ದರು. ಆದರೆ ಚಿತ್ರದ ಕಾಡನ್ನು ಮತ್ತೊಮ್ಮೆ ನೋಡಿ. ಅಲ್ಲಿ ತೋಳವಿಲ್ಲ. ಗೂಬೆ ಮೊಲದ ಗೆಳೆಯ. ಕೊಲ್ಲುವವರು ಮನುಷ್ಯ ಮತ್ತು ಅವನ ನಾಯಿಗಳು ಮಾತ್ರ. ಸಾಲ್ಟನ್ ಬರೆದಿದ್ದ ಹಸಿವು, ಬೇಟೆಗಳ ಕಾಡು ತೆರೆಗೆ ಬರುವಾಗ ತೊಳೆದುಹೋಗಿತ್ತು. ಇಂಥ ಕಾಡನ್ನು ಕಂಡು ಬೆಳೆದವರಿಗೆ, ಮನುಷ್ಯ ಕೈತೆಗೆದರೆ ಸಾಕು, ಕಾಡು ತಾನಾಗಿ ಸುಖವಾಗಿರುತ್ತದೆ ಎನಿಸುವುದು ಸಹಜ. ವಿಸ್ಕಾನ್ಸಿನ್‌ನ ಜಿಂಕೆ ಬೇರೆಯದನ್ನೇ ಹೇಳುತ್ತಿತ್ತು: ಮನುಷ್ಯ ಆಗಲೇ ತೋಳವನ್ನು ತೆಗೆದುಹಾಕಿದ್ದ, ಇನ್ನು ಸುಮ್ಮನಿರುವುದೂ ಒಂದು ಬಗೆಯ ಕೊಲೆಯೇ.

ಹಾಗೆಂದು ಕಣ್ಣೀರು ವ್ಯರ್ಥವಾಯಿತೇ? ಇಲ್ಲ. 1944ರಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಕಾಳ್ಗಿಚ್ಚು ತಡೆ ಪ್ರಚಾರಕ್ಕೆ ಬ್ಯಾಂಬಿಯ ಚಿತ್ರವನ್ನೇ ಬಳಸಲಾಯಿತು. 1947ರಲ್ಲಿ ಮರುಬಿಡುಗಡೆಯಾದಾಗ ಚಿತ್ರ ಲಾಭ ತಂದಿತು. 2011ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸೇರಿತು. 2018ರಲ್ಲಿ ಮಿಸೌರಿ ರಾಜ್ಯದ ನ್ಯಾಯಾಧೀಶರೊಬ್ಬರು ಜಿಂಕೆಗಳನ್ನು ಕಳ್ಳಬೇಟೆಯಾಡಿದವನಿಗೆ ಒಂದು ವರ್ಷ ಸೆರೆ ವಿಧಿಸಿ, ಅಲ್ಲಿ ತಿಂಗಳಿಗೊಮ್ಮೆಯಾದರೂ ಈ ಚಿತ್ರವನ್ನು ನೋಡಬೇಕೆಂದು ಆಜ್ಞೆ ಮಾಡಿದರು. 76 ವರ್ಷಗಳ ಬಳಿಕವೂ ನ್ಯಾಯಾಲಯವೊಂದು ಈ ಚಿತ್ರದಲ್ಲಿ ಮನಸ್ಸನ್ನು ತಿದ್ದುವ ಶಕ್ತಿಯಿದೆ ಎಂದು ನಂಬಿತ್ತು.

ವಿದ್ಯಾರ್ಥಿ ಮಿತ್ರರೇ, ಇವರಲ್ಲಿ ಯಾರ ತೀರ್ಪು ಸರಿ? ಮಗು ತನ್ನ ದುಃಖವನ್ನು ಹೇಳಿತು. ಆ ಮಾತನ್ನು ಸುಳ್ಳೆನ್ನಲು ಯಾರಿಗೂ ಸಾಧ್ಯವಿಲ್ಲ. ವಿಮರ್ಶಕ ಕಲೆಯನ್ನು ಅಳೆದ. ಅದನ್ನು ವಾದದಿಂದ ಒಪ್ಪಬಹುದು, ಬಿಡಬಹುದು. ಬೇಟೆಗಾರ ತನ್ನ ಮಾನಕ್ಕಾಗಿ ಮಾತಾಡಿದ, ಆದರೂ ಕಾನೂನಿನ ವಿಷಯದಲ್ಲಿ ಅವನ ಮಾತಿಗೆ ಆಧಾರವಿತ್ತು. ಲಿಯೊಪೋಲ್ಡರ ಮಾತನ್ನು ಪರೀಕ್ಷಿಸಬೇಕಾದರೆ ಚಿತ್ರಮಂದಿರ ಬಿಟ್ಟು ಹಿಮದ ಕಾಡಿಗೆ ಹೋಗಿ ಸತ್ತ ಜಿಂಕೆಗಳನ್ನು ಎಣಿಸಬೇಕಿತ್ತು. ಎಲ್ಲ ಅಭಿಪ್ರಾಯಗಳನ್ನೂ ಕೇಳಬೇಕು, ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮುಂದಿನ ಸಲ ಒಂದು ಚಿತ್ರ ನೋಡಿ ನಿಮಗೂ ನಿಮ್ಮ ಮನೆಯವರಿಗೂ ಮಾತು ಬೆಳೆದಾಗ, ಅದು ರುಚಿಯ ಮಾತೋ ನಿಜದ ಮಾತೋ ಎಂದು ಮೊದಲು ವಿಚಾರಿಸಿ. ಅನಂತರ ಯಾವ ತಕ್ಕಡಿ ಹಿಡಿಯಬೇಕೆಂದು ನಿಮಗೇ ತಿಳಿಯುತ್ತದೆ.