ಲೆಂಬರ ಪಿತೃವಂಶ

ದಕ್ಷಿಣ ಆಫ್ರಿಕದ ಲಿಂಪೋಪೊ ಪ್ರಾಂತದಲ್ಲಿಯೂ ಜಿಂಬಾಬ್ವೆಯ ದಕ್ಷಿಣ ಭಾಗದಲ್ಲಿಯೂ ನೆಲಸಿರುವ ಲೆಂಬ ಜನರು, ರೂಪದಿಂದಲೂ ಭಾಷೆಯಿಂದಲೂ ನೆರೆಯ ವೆಂಡಾ, ಶೋನಾ ಜನರಿಂದ ಬೇರೆಯಾಗಿ ತೋರದವರಾದರೂ, ಹಂದಿಯ ಮಾಂಸವನ್ನು ವರ್ಜಿಸಿ, ಗಂಡುಮಕ್ಕಳಿಗೆ ಸುನ್ನತಿಯನ್ನು ವಿಧಿಸಿ, ತಮ್ಮ ಪೂರ್ವಿಕರು ‘ಸೆನಾ’ ಎಂಬ ದೂರದ ಪಟ್ಟಣದಿಂದ ಕಡಲನ್ನು ದಾಟಿ ಬಂದವರೆಂದು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಪಂಡಿತರಲ್ಲಿ ಹಲವರು ಇದನ್ನು ಕಟ್ಟುಕಥೆಯೆಂದು ಬಗೆದಿದ್ದರು. ಬಾಯಿಂದ ಬಾಯಿಗೆ ಬಂದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವ ವಿದ್ವತ್ತಿನಲ್ಲಿ ನನಗಂತೂ ಪೂರ್ಣ ವಿಶ್ವಾಸವಿಲ್ಲ.

ಈ ಮಾತನ್ನು ಒರೆಗೆ ಹಚ್ಚಲು ದೇಹದಲ್ಲಿಯೇ ಒಂದು ಸಾಧನವಿದೆ. ಪುರುಷನ ಜೀವಕೋಶದಲ್ಲಿರುವ ವೈ ವರ್ಣತಂತು, ನಮ್ಮಲ್ಲಿ ಗೋತ್ರವು ನಡೆದುಬರುವಂತೆ, ತಂದೆಯಿಂದ ಮಗನಿಗೆ ಸಲ್ಲತಕ್ಕದ್ದು. ಅಪರೂಪಕ್ಕೊಮ್ಮೆ ಅದರಲ್ಲಿ ತಲೆದೋರುವ ಸೂಕ್ಷ್ಮ ವ್ಯತ್ಯಾಸವು ಮುಂದಿನ ಗಂಡುಸಂತತಿಯಲ್ಲೆಲ್ಲ ಉಳಿಯುವುದರಿಂದ, ಆ ಗುರುತನ್ನು ಹಿಡಿದು ವಂಶವನ್ನು ಹಿಂದಕ್ಕೆ ಅರಸಿಕೊಂಡು ಹೋಗಬಹುದು. ಹೀಗೆ ಅರಸಿದವರಿಗೆ, ಲೆಂಬ ಪುರುಷರ ವರ್ಣತಂತುಗಳಲ್ಲಿ ಸುಮಾರು ಅರ್ಧದಷ್ಟು ಪಶ್ಚಿಮ ಏಷ್ಯದ ಮೂಲದವೆಂಬುದು 1996ರಲ್ಲಿ ತಿಳಿದುಬಂದಿತು. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಯೆಹೂದ್ಯರ ಪುರೋಹಿತವಂಶವಾದ ಕೊಹೆನರಲ್ಲಿ ವಿಶೇಷವಾಗಿ ಕಾಣುವ ಗುರುತು ಲೆಂಬರ ಬೂಬಾ ಕುಲದಲ್ಲಿಯೂ ಇರುವುದೆಂದು ಸಾರಿತು. ಪರೀಕ್ಷೆಗೊಳಗಾದ ಬೂಬಾ ಪುರುಷರು 13 ಮಂದಿ, ಗುರುತು ಹೊಂದಿದವರು 7 ಮಂದಿ. ಇಷ್ಟು ಅಲ್ಪವಾದ ಆಧಾರದ ಮೇಲೆ, ಇಸ್ರೇಲಿನ ಕಳೆದುಹೋದ ಕುಲವೊಂದು ದೊರೆಯಿತೆಂಬ ಘೋಷವೇಳಲು ತಡವಾಗಲಿಲ್ಲ.

ಮತ್ತಷ್ಟು ಗುರುತುಗಳನ್ನು ಕೂಡಿಸಿ 2013ರಲ್ಲಿ ಪ್ರಕಟಿಸಿದ ಪರಿಶೀಲನೆಯು ಈ ಉತ್ಸಾಹವನ್ನು ತಗ್ಗಿಸಿತು. ಕಡಲಾಚೆಯಿಂದ ಬಂದ ಪುರುಷರು ಇದ್ದುದು ನಿಜ. ಆದರೆ ಅವರು ಯೆಹೂದ್ಯರೇ ಎನ್ನುವುದಕ್ಕೆ ಅದರಲ್ಲಿ ಬೆಂಬಲ ದೊರೆಯಲಿಲ್ಲ. ಅವರು ವರ್ತಕರಾಗಿದ್ದಿರಬಹುದು: ಮಾನ್ಸೂನ್ ಮಾರುತಗಳನ್ನು ನೆಚ್ಚಿ ಅರಬ್ಬಿ ನಾವಿಕರು ಆಫ್ರಿಕದ ಪೂರ್ವ ಕರಾವಳಿಯ ಸೊಫಾಲ, ಕಿಲ್ವಾ ರೇವುಗಳಿಗೆ ಶತಮಾನಗಳ ಕಾಲ ಬಂದುಹೋಗುತ್ತಿದ್ದರು. ಲಿಂಪೋಪೊ ತೀರದ ಮಾಪುಂಗುಬ್ವೆಯ ಸಮಾಧಿಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರದಿಂದ ಬಂದ ಗಾಜಿನ ಮಣಿಗಳು ದೊರೆತಿವೆ. ಅಂತಹ ವರ್ತಕನ ರಕ್ತವು ಅವನ ಊರಿನ ದಿಕ್ಕನ್ನು ಸೂಚಿಸೀತೇ ಹೊರತು, ಅವನು ಯಾವ ದೇವರಿಗೆ ಕೈಮುಗಿಯುತ್ತಿದ್ದನೆಂಬುದನ್ನು ಹೇಳಲಾರದು.

ಅಲ್ಲದೆ ಈ ತಂತುವಿನ ಸಾಕ್ಷ್ಯ ಬಹಳ ಇಕ್ಕಟ್ಟಾದುದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ಮನುಷ್ಯನ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ವೈ ತಂತುವು ಅವುಗಳಲ್ಲಿ ಒಂದರ ವಿಷಯವನ್ನು ಮಾತ್ರ ತಿಳಿಸುತ್ತದೆ. ಲೆಂಬರಲ್ಲಿ ಆ ಒಂದು ಎಳೆ ಇಷ್ಟು ಸ್ಪಷ್ಟವಾಗಿ ಉಳಿದುದಕ್ಕೆ ಅವರ ವಿವಾಹಪದ್ಧತಿಯೇ ಕಾರಣವೆಂದು ತೋರುತ್ತದೆ: ಹೊರಗಿನ ಹೆಣ್ಣನ್ನು ಸಂಸ್ಕಾರಪೂರ್ವಕವಾಗಿ ಕುಲದೊಳಕ್ಕೆ ತಂದುಕೊಳ್ಳಬಹುದಾಗಿತ್ತು, ಹೊರಗಿನ ಗಂಡಿಗೆ ಆ ಪ್ರವೇಶ ದುರ್ಲಭ. ತಾಯಿಯ ಕಡೆಯ ವಂಶವಾಹಿಗಳನ್ನು ನೋಡಿದಾಗ ಲೆಂಬರು ಆಫ್ರಿಕದವರೇ. ಬಂದ ವರ್ತಕರು ಆ ನೆಲದ ಹೆಣ್ಣುಗಳನ್ನೇ ವರಿಸಿ, ಅವರ ಮಾತನ್ನೇ ಮನೆಮಾತಾಗಿಸಿಕೊಂಡರು.